ಕೆಳಗಿನವರ ಊರು

ಆ ಊರು ಎಲ್ಲಿತ್ತು ಎಂದರೆ ಬೆರಳು ಮಾಡಿ ತೋರಿಸುವವರು ಈಗ ಯಾರೂ ಉಳಿದಿಲ್ಲ. ಒಂದು ಇಳಿಜಾರಿನ ಮೇಲೆ ಇತ್ತು, ಇಳಿಜಾರಿನ ಬುಡದಲ್ಲಿ ಒಂದು ಹಳ್ಳ ಹರಿಯುತ್ತಿತ್ತು, ಅಷ್ಟು ಗೊತ್ತು. ಮೇಲೆ ಮನುಷ್ಯರಿದ್ದರು. ಕೆಳಗೆ ಎರೆಹುಳುಗಳಿದ್ದವು.

ಮಳೆ ಬಿದ್ದಾಗ ಅಂಗಳಕ್ಕೆ ಹರಿದು ಬರುವ, ಗಾಳಕ್ಕೆ ಸಿಕ್ಕಿಸುವ ಎರೆಹುಳುಗಳಲ್ಲ ಅವು. ಎರಡು ಮಾರು ಉದ್ದ, ಎರಡು ಬೆರಳು ಸೇರಿಸಿದಷ್ಟು ದಪ್ಪ. ತಲೆ ನೇರಳೆ ಬಣ್ಣ, ಮೈ ಎಳೆಗೂಸಿನ ಅಂಗಾಲಿನ ಬಣ್ಣ. ಅವು ಮೇಲೆ ಬರುತ್ತಿರಲಿಲ್ಲ. ಒದ್ದೆ ಜೇಡಿಯ ಒಳಗೆ ತಮ್ಮ ಮೈಯಷ್ಟೇ ಅಗಲದ ದಾರಿಗಳನ್ನು ಕೊರೆದುಕೊಂಡು ಆ ದಾರಿಗಳಲ್ಲೇ ಹುಟ್ಟಿ ಆ ದಾರಿಗಳಲ್ಲೇ ಮುಗಿಯುತ್ತಿದ್ದವು. ಬಿದ್ದ ಮಳೆ ಆ ದಾರಿಗಳಲ್ಲಿ ಇಳಿದು ನೆಲದೊಳಗೆ ನಿಲ್ಲುತ್ತಿತ್ತು. ಬೇಸಿಗೆಯಿಡೀ ಹಳ್ಳಕ್ಕೆ ಜಿನುಗುತ್ತಿತ್ತು. ಒಂದು ಹುಳು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತಿತ್ತು, ಜೇನಿನ ಬಣ್ಣದ್ದು. ಆ ಮೊಟ್ಟೆ ಒಡೆಯಲು ಇನ್ನೊಂದು ವರ್ಷ. ಕತ್ತರಿಸಿದರೆ ಎರಡಾಗಿ ಬದುಕುತ್ತದೆ ಎಂದು ಸಣ್ಣ ಹುಳುಗಳ ಬಗ್ಗೆ ಜನ ಹೇಳುತ್ತಾರಲ್ಲ, ಇವು ಹಾಗಲ್ಲ. ಕತ್ತರಿಸಿದರೆ ಸಾಯುತ್ತಿದ್ದವು.

ಊರಿನವರು ಅವುಗಳನ್ನು ಹುಳು ಎನ್ನುತ್ತಿರಲಿಲ್ಲ. ಕೆಳಗಿನವರು ಎನ್ನುತ್ತಿದ್ದರು.

ಆ ಊರಿಗೆ ಒಂದು ನಿಯಮವಿತ್ತು. ಆಲಿಸುವವಳು ಕಿವಿಯಿಟ್ಟು ಹೇಳುವವರೆಗೆ ಯಾರೂ ಮಣ್ಣಿಗೆ ಕಬ್ಬಿಣ ಇಳಿಸುವಂತಿಲ್ಲ. ಬಿತ್ತನೆಗೆ ಮರದ ಕೋಲು, ಅದೂ ಗೇಣುದ್ದಕ್ಕಿಂತ ಕೆಳಗೆ ಹೋಗಬಾರದು. ಬಾವಿಯಾಗಲಿ, ಮನೆಯ ಪಾಯವಾಗಲಿ, ಸತ್ತವರ ಗುಂಡಿಯಾಗಲಿ, ಮೊದಲು ಅವಳನ್ನು ಕರೆಯಬೇಕು. ಅವಳು ಬರುತ್ತಿದ್ದಳು. ಹಿಮ್ಮಡಿಯಿಂದ ನೆಲವನ್ನು ಏಳು ಸಲ ತಟ್ಟುತ್ತಿದ್ದಳು. ಮಂಡಿಯೂರಿ, ಎಡಗಿವಿಯನ್ನು ಮಣ್ಣಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದಳು. ಊರಲ್ಲಿ ಕುಟ್ಟುವವರು ಒನಕೆ ನಿಲ್ಲಿಸುತ್ತಿದ್ದರು, ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಕೆಳಗಿನವರು ಅಲ್ಲಿದ್ದರೆ, ತಟ್ಟಿದ ಸದ್ದಿಗೆ ಬೆಚ್ಚಿ ಒದ್ದೆ ದಾರಿಯಲ್ಲಿ ಸರಿಯುತ್ತಿದ್ದರು. ಕೊಡದ ಕೊನೆಯ ನೀರು ಬಗ್ಗಿಸಿದಂತೆ ಗುಳಗುಳ ಎನ್ನುತ್ತಿತ್ತು. ಅವಳು ಏಳುತ್ತಿದ್ದಳು. "ಕೆಳಗಿನವರು ಇದ್ದಾರೆ" ಎಂದರೆ ಆ ಜಾಗ ಬಿಡಬೇಕು. "ಕೆಳಗಿನವರು ಇಲ್ಲಿಲ್ಲ" ಎಂದರೆ ಅಗೆಯಬಹುದು. ಕೆನ್ನೆಗೆ ಮೆತ್ತಿದ ಮಣ್ಣನ್ನು ಅವಳು ಹೊತ್ತು ಮುಳುಗುವವರೆಗೆ ಒರೆಸುತ್ತಿರಲಿಲ್ಲ.

ಅವಳು ಇಲ್ಲ ಎಂದ ಮೇಲೆ ಅಗೆಯುತ್ತಿದ್ದವನು ಅವಳ ತಮ್ಮ. ಅವನನ್ನು ಊರವರು ಗುದ್ದಲಿಯವನು ಎನ್ನುತ್ತಿದ್ದರು. ಕೆಲಸ ಹಿಡಿದವರನ್ನು ಆ ಊರಲ್ಲಿ ಕೆಲಸದಿಂದಲೇ ಕರೆಯುವುದು. ಹೆಸರು ಮಕ್ಕಳಿಗೆ ಮಾತ್ರ.

ಗುದ್ದಲಿಯವನಿಗೆ ನಾಲ್ಕು ವರ್ಷವಿದ್ದಾಗ ಅಪ್ಪ ಅಮ್ಮ ಹೋದರು. ಅಕ್ಕನಿಗೆ ಆಗ ಹನ್ನೊಂದು. ತನ್ನ ಪಾಲಿನ ಮುದ್ದೆಯನ್ನು ಮುರಿದು ಅವನ ತಟ್ಟೆಗೆ ಹಾಕಿ ಬೆಳೆಸಿದಳು. ಅವಳೂ ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಒಂದೇ ಸೂರಿನ ಕೆಳಗೆ ಒಬ್ಬಳು ಕೇಳುತ್ತ, ಒಬ್ಬ ಅಗೆಯುತ್ತ ಮೂವತ್ತು ವರ್ಷ ಕಳೆದರು.

ನಿಯಮಕ್ಕೆ ಇನ್ನೊಂದು ಅರ್ಧವಿತ್ತು. ಕಿವಿ ಹೋದ ಆಲಿಸುವವಳು ಹಳ್ಳ ದಾಟಿ ಹೋಗಬೇಕು, ತಿರುಗಿ ಬರಬಾರದು, ಯಾರೂ ಅವಳ ಹಿಂದೆ ಹೋಗಿ ಮರಳಬಾರದು. ಕಿವಿ ಹೋದವಳಿಗೆ ಎಲ್ಲ ನೆಲವೂ ಮೌನವೇ; ಎಲ್ಲ ನೆಲವೂ ಮೌನವಾದವಳು ಈ ನೆಲದ ಮೇಲೆ ಇರಬಾರದು, ಎಂದು ಹಿಂದಿನವರು ಹೇಳಿ ಹೋಗಿದ್ದರು. ಇವರಿಬ್ಬರ ಸೋದರತ್ತೆ ಹಾಗೆ ದಾಟಿದವಳು. ಒಂದು ಬೇಸಿಗೆಯಿಡೀ ಆಚೆ ದಡದ ಪೊದೆಯ ಮೇಲೆ ಅವಳ ಸೀರೆ ಒಣಗುವುದು ಈಚೆಗೆ ಕಾಣುತ್ತಿತ್ತು. ಆಮೇಲೆ ಒಣಗಿದ ಸೀರೆ ಹಾಗೇ ಇತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಅದು ಬಣ್ಣ ಕಳೆದು, ಹರಿದು, ಎಳೆಎಳೆಯಾಗಿ ಹೋಗುವುದನ್ನು ಗುದ್ದಲಿಯವನು ದಿನಾ ನೋಡಿದ್ದ.

ಒಂದು ದಿನ ಗಾಣದವನು ತನ್ನ ಮನೆಯ ಪಕ್ಕ ಕಾಳು ತುಂಬಿಡಲು ಒಂದು ಹಗೇವು ತೋಡಿಸಬೇಕೆಂದ. ಆಲಿಸುವವಳು ಬಂದಳು. ಏಳು ಸಲ ತಟ್ಟಿದಳು. ಕಿವಿಯಿಟ್ಟಳು. ಗುದ್ದಲಿಯವನು ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದ. ಮೂವತ್ತು ವರ್ಷ ಮಣ್ಣಿನಲ್ಲಿ ನಿಂತ ಅಂಗಾಲು ಅವನದು. ಆ ಅಂಗಾಲಿಗೆ ಕೆಳಗಿನಿಂದ ಒಂದು ಸಣ್ಣ ನಡುಕ ಹತ್ತಿತು.

ಅಕ್ಕ ಎದ್ದಳು. "ಕೆಳಗಿನವರು ಇಲ್ಲಿಲ್ಲ" ಎಂದಳು.

ಅವನು ಅವಳ ಮುಖ ನೋಡಿದ. ತನ್ನ ಕಾಲಿಗಿಂತ ಅವಳ ಕಿವಿಯನ್ನು ನಂಬಿ ಬೆಳೆದವನು ಅವನು. ಅಗೆದ. ಸೊಂಟದಾಳಕ್ಕೆ ಹೋದಾಗ ಗುದ್ದಲಿಯ ಬಾಯಿ ಮೆತ್ತಗಿನದೊಂದಕ್ಕೆ ತಾಗಿತು. ಜೇಡಿಯ ಗೋಡೆಯಿಂದ ರಕ್ತ ಇಳಿಯಿತು. ಎರಡು ತುಂಡೂ ಸ್ವಲ್ಪ ಹೊತ್ತು ಒಂದನ್ನೊಂದು ಹುಡುಕುವ ಹಾಗೆ ಹೊರಳಿ ನಿಂತವು.

ಅಕ್ಕ ಆಗಲೇ ಹೊರಟಿದ್ದಳು, ಗಾಣದವನು ಊಟಕ್ಕೆ ಹೋಗಿದ್ದ. ಗುದ್ದಲಿಯವನು ಎರಡು ತುಂಡನ್ನೂ ಬುಟ್ಟಿಯ ತಳದಲ್ಲಿಟ್ಟು ಮೇಲೆ ಮಣ್ಣು ಮುಚ್ಚಿ, ತಲೆಯ ಮೇಲೆ ಹೊತ್ತು ಮನೆಯ ಹಿತ್ತಲಿಗೆ ತಂದ. ಬರಿಗೈಯಲ್ಲಿ ನೆಲ ಕೆದಕಿ ಉದ್ದಕ್ಕೆ ಮಲಗಿಸಿದ.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಅವನು ಹಿತ್ತಾಳೆಯ ಚೊಂಬನ್ನು ಎತ್ತಿ ಅವಳ ಹಿಂದೆ ಕಲ್ಲುಚಪ್ಪಡಿಯ ಮೇಲೆ ಬಿಟ್ಟ. ಸದ್ದಿಗೆ ಸೂರಿನ ಗುಬ್ಬಿಗಳು ಹಾರಿ ಹೋದವು. ಅಕ್ಕ ಮುದ್ದೆ ತಿರುವುತ್ತಲೇ ಇದ್ದಳು.

ಅವನು ಚೊಂಬನ್ನು ಸದ್ದಾಗದಂತೆ ಎತ್ತಿಟ್ಟ. ಸದ್ದು ಮಾಡಿದ್ದರೂ ಆಗುತ್ತಿತ್ತು.

ಆ ದಿನವೇ ಊರ ಯಜಮಾನನಿಗೆ ಹೇಳಬೇಕಿತ್ತು. ಹೇಳಲೆಂದೇ ಹೊರಟ. ದಾರಿಯಲ್ಲಿ ಹಳ್ಳ ಕಂಡಿತು, ಆಚೆ ದಡ ಕಂಡಿತು, ಪೊದೆ ಕಂಡಿತು. ತಿರುಗಿ ಬಂದ.

ಅಲ್ಲಿಂದ ಅವನು ಉಪಾಯ ಮಾಡಿದ. ಅಕ್ಕ ಇಲ್ಲ ಎಂದ ಕಡೆ ಅಂಗಾಲು ನಡುಗಿದರೆ, "ಇಲ್ಲಿ ಕೆಳಗೆ ಬಂಡೆ ಇರೋ ಹಾಗಿದೆ, ಹತ್ತು ಹೆಜ್ಜೆ ಆಚೆ ಹೋಗೋಣ" ಎನ್ನುತ್ತಿದ್ದ. ಎರಡು ಸಲ ನಡೆಯಿತು. ಮೂರನೆಯ ಸಲ ಯಜಮಾನ ನಕ್ಕ. "ಇದೇನೋ, ಅವಳು ಕಿವಿಯಲ್ಲಿ ಕೇಳೋದು ಸಾಲ್ದು ಅಂತ ನೀನು ಗುದ್ದಲಿಯಲ್ಲಿ ಬೇರೆ ಕೇಳ್ತೀಯಾ?" ಎಂದ. ನೆರೆದವರೂ ನಕ್ಕರು. ಅಕ್ಕ ಅವರ ನಗುವನ್ನು ನೋಡಿ ತಾನೂ ನಕ್ಕಳು. ಅವನು ಅಗೆದ.

ಎರಡು ವರ್ಷದಲ್ಲಿ ಹಿತ್ತಲಲ್ಲಿ ಏಳು ಸಾಲುಗಳಾದವು. ಒಂದರ ಪಕ್ಕ ಒಂದು.

ಮಳೆ ಮೊದಲಿನಷ್ಟೇ ಬಂತು. ಆದರೆ ನೀರು ಇಳಿಯಲಿಲ್ಲ. ಹೊಲದ ಮೇಲೆ ತಟ್ಟೆಯಲ್ಲಿಟ್ಟ ಹಾಗೆ ನಿಂತಿತು, ನಿಂತು ಹರಿಯಿತು, ಹರಿಯುವಾಗ ಮೇಲ್ಮಣ್ಣನ್ನು ಹೊತ್ತುಕೊಂಡು ಹೋಯಿತು. ಹಳ್ಳ ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಬೇಸಿಗೆಯಲ್ಲಿ ಕಲ್ಲು ತೋರಿಸಿತು. "ಕಾಲ ಕೆಟ್ಟಿದೆ" ಎಂದರು ಜನ. ಗುದ್ದಲಿಯವನು ಹೌದು ಎಂದು ತಲೆಯಾಡಿಸಿದ.

ಅಕ್ಕ ಒಂದು ಸಂಜೆ ಜಗಲಿಯಲ್ಲಿ ಕೂತು ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ಕೆಳಗಿನವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಕಣೋ. ಎಲ್ಲಿ ಕಿವಿಯಿಟ್ಟರೂ ಮಾತಾಡಲ್ಲ. ನಾನೇನು ತಪ್ಪು ಮಾಡಿದ್ನೋ."

ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಸಂಜೆಯನ್ನು ಅವನು ಮುಂದೆ ಬದುಕಿಡೀ ನೆನೆದ.

ಆ ವರ್ಷ ನೇಯುವವಳ ಮಗಳು ತೀರಿಕೊಂಡಳು. ಹೊನ್ನಿ ಎಂದು ಹೆಸರು, ಐದು ವರ್ಷ. ಮೂರು ದಿನ ಜ್ವರ ಬಂತು, ನಾಲ್ಕನೆಯ ದಿನ ಇಲ್ಲ. ನೇಯುವವಳಿಗೆ ಗಂಡನಿಲ್ಲ, ಮಗ್ಗ ಇತ್ತು, ಆ ಮಗು ಇತ್ತು. ಅವಳು ಅಳಲಿಲ್ಲ. ಮಗುವನ್ನು ತಾನೇ ನೇಯ್ದ ಬಟ್ಟೆಯಲ್ಲಿ ಸುತ್ತಿಕೊಂಡು ಹಳ್ಳದ ಬದಿಗೆ ನಡೆದಳು. ಊರೆಲ್ಲ ಹಿಂದೆ ನಡೆಯಿತು.

"ಇಲ್ಲೇ ಅಗೆಯಿರಿ," ಎಂದಳು. "ಇಲ್ಲೇ ಕೂತು ಮಣ್ಣಿನ ಬೊಂಬೆ ಮಾಡ್ತಿದ್ದಳು. ಅವಳಿಗೆ ಈ ಜಾಗ ಗೊತ್ತು."

ಮಟಮಟ ಮಧ್ಯಾಹ್ನ. ಆಲಿಸುವವಳು ಏಳು ಸಲ ತಟ್ಟಿದಳು. ಕಿವಿಯಿಟ್ಟಳು. ಎದ್ದಳು. ಕೆನ್ನೆಯ ಮೇಲೆ ಒದ್ದೆ ಮಣ್ಣು. "ಕೆಳಗಿನವರು ಇಲ್ಲಿಲ್ಲ" ಎಂದಳು.

ಗುದ್ದಲಿಯವನ ಅಂಗಾಲು ಹೊತ್ತಿಕೊಂಡಂತಾಯಿತು. ನಡುಕ ಮೀನಖಂಡಕ್ಕೆ ಏರಿತು, ಮಂಡಿಗೆ ಏರಿತು. ಗುದ್ದಲಿ ಎತ್ತಿದ. ಎತ್ತಿದ್ದು ಹಾಗೇ ನಿಂತಿತು. ಕೆಳಗಿಳಿಸಿ ಪಕ್ಕಕ್ಕಿಟ್ಟ.

"ಯಾಕೋ?" ಎಂದ ಯಜಮಾನ.

"ಇಲ್ಲಿ ಬೇಡ ಯಜಮಾನರೇ."

"ಬೇಡ ಅನ್ನೋಕೆ ನೀನ್ಯಾರು? ಅವಳು ಕೇಳಿ ಹೇಳಿದ್ದಾಳೆ. ಮಗು ಬಿಸಿಲಲ್ಲಿದೆ, ಅಗಿ."

"ನನ್ನ ಕೈಲಿ ಆಗಲ್ಲ."

ಅಕ್ಕ ಅವನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಅವನ ಮಂಡಿ ನೋಡಿದಳು. ಹತ್ತಿರ ಬಂದು, ಎಲ್ಲರೆದುರು ಬಗ್ಗಿ, ಎರಡು ಅಂಗೈಯನ್ನೂ ಅವನ ಪಾದಗಳ ಮೇಲಿಟ್ಟಳು. ಬಹಳ ಹೊತ್ತು ಇಟ್ಟಳು. ಅವಳ ಅಂಗೈಗೆ ಅದು ತಿಳಿಯಿತು. ಅವನು ಅದನ್ನು ಅವಳ ಬೆನ್ನಿನಲ್ಲಿ ಕಂಡ. ಆ ಬೆನ್ನು ಒಮ್ಮೆಲೇ ಮುದಿಯಾಯಿತು.

"ಇದ್ದಾರಾ?" ಎಂದಳು, ತಲೆಯೆತ್ತಿ.

ಅವನು ಹೌದು ಎಂದು ತಲೆಯಾಡಿಸಿದ.

"ಇದೇ ಮೊದಲಾ?"

ಅವನು ಅಲ್ಲ ಎಂದು ತಲೆಯಾಡಿಸಿದ.

ಅವಳು ಎದ್ದು ಜನರ ಕಡೆ ತಿರುಗಿದಳು. "ನನಗೆ ಕಿವಿ ಕೇಳಿಸಲ್ಲ," ಎಂದಳು. ಎಷ್ಟು ಜೋರಾಗಿ ಹೇಳುತ್ತಿದ್ದೇನೆ ಎಂಬುದು ಗೊತ್ತಾಗದೆ ಕೂಗಿಯೇ ಹೇಳಿದಳು. "ನಿಮ್ಮ ಮಾತು ಕೇಳಿಸದೆ ಎರಡು ವರ್ಷ ಆಯ್ತು, ತುಟಿ ನೋಡಿ ತಿಳ್ಕೊಳ್ತಿದ್ದೆ. ಹೋದರೆ ಹೋಗಲಿ, ಮಣ್ಣಿನ ಮಾತು ಮೂಳೆಯಿಂದ ಬರುತ್ತೆ, ಅದು ಹೋಗಲ್ಲ ಅಂದುಕೊಂಡಿದ್ದೆ. ಅದೂ ಹೋಗಿದೆ. ನನಗೆ ಗೊತ್ತಾಗಲಿಲ್ಲ."

ನೇಯುವವಳು ಮಗುವನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

"ಹಾಗಾದರೆ ಇವಳನ್ನು ಎಲ್ಲಿ ಮಲಗಿಸಲಿ?" ಎಂದಳು.

ಆಲಿಸುವವಳಿಲ್ಲದ ಊರಲ್ಲಿ ಯಾವ ಜಾಗದಲ್ಲೂ ಅಗೆಯುವಂತಿಲ್ಲ. ಯಜಮಾನ ನೆಲ ನೋಡಿದ. ಗಾಣದವನು ನೆಲ ನೋಡಿದ. ನೇಯುವವಳು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಕೊನೆಗೆ ತಾನೇ ಹೇಳಿದಳು.

"ನನ್ನ ಮಗ್ಗದ ಗುಂಡಿ ಇದೆ. ಕಾಲಿಳಿಸಿ ಕೂರೋಕೆ ನಮ್ಮಜ್ಜಿಯ ಕಾಲದಲ್ಲಿ ತೋಡಿದ್ದು. ಅದಕ್ಕೆ ಯಾರ ಅಪ್ಪಣೆಯೂ ಬೇಡ."

ಹಾಗೇ ಆಯಿತು. ಮಗ್ಗವನ್ನು ಬಿಚ್ಚಿ ಅಂಗಳಕ್ಕೆ ತೆಗೆದರು. ಅಮ್ಮ ಕಾಲಿಳಿಸಿ ಕೂರುತ್ತಿದ್ದ ಗುಂಡಿಯಲ್ಲಿ ಹೊನ್ನಿಯನ್ನು ಮಲಗಿಸಿದರು. ಮುಚ್ಚಲು ಮಣ್ಣು ಬೇಕಲ್ಲ, ಅದನ್ನು ಊರವರು ತಮ್ಮ ತಮ್ಮ ಅಂಗಳದಿಂದ ಒಂದೊಂದು ಬೊಗಸೆ ತಂದರು. ಗುದ್ದಲಿಯವನೂ ಒಂದು ಬೊಗಸೆ ತಂದ. ನೇಯುವವಳು ಅವನ ಕೈ ಹಿಡಿದು ತಡೆದಳು. ಆಮೇಲೆ ಬಿಟ್ಟಳು.

ಸಂಜೆ ಅವನು ಅಕ್ಕನನ್ನೂ ಊರವರನ್ನೂ ಹಿತ್ತಲಿಗೆ ಕರೆದು ಏಳು ಸಾಲನ್ನೂ ಕೈಯಿಂದ ಕೆದಕಿ ತೋರಿಸಿದ. ಕೊನೆಯದರ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಅಕ್ಕ ಒಂದೊಂದರ ಪಕ್ಕವೂ ಕೂತು, ಮುಟ್ಟಿ, ಎದ್ದಳು. ಏಳನೆಯದರ ಪಕ್ಕ ಕೂತವಳು ಏಳಲಾರದೆ ಅವನ ಭುಜ ಹಿಡಿದಳು.

ಯಜಮಾನ ಹೇಳಿದ: "ಕಿವಿ ಹೋದವರು ಏನು ಮಾಡಬೇಕು ಅಂತ ಹಿಂದಿನವರು ಹೇಳಿದ್ದಾರೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಅಗೆದವನಿಗೆ ಏನು ಮಾಡಬೇಕು ಅಂತ ಹೇಳಿಲ್ಲ. ಅಂಥವನು ಹುಟ್ಟುತ್ತಾನೆ ಅಂತ ಅವರಿಗೆ ಹೊಳೆದಿರಲಿಲ್ಲ."

ಅವನನ್ನು ಹಾಗೇ ಬಿಟ್ಟರು.

ಬೆಳಿಗ್ಗೆ ಅಕ್ಕ ಒಂದು ಗಂಟು ಹಿಡಿದು ಹಳ್ಳಕ್ಕೆ ಇಳಿದಳು. ತಮ್ಮ ಜೊತೆಗೆ ನಡೆದ. ನೀರಿನ ಅಂಚಿನಲ್ಲಿ ಅವಳು ನಿಂತಳು. ಅವನು ಎದುರು ಬಂದು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ.

"ನಿನ್ನನ್ನು ಕಳಿಸಬಾರದು ಅಂತ ಸುಮ್ಮನಿದ್ದೆ ಅಕ್ಕ."

"ಗೊತ್ತು."

"ಆ ಸೀರೆ ನೋಡಿದ್ದೆ."

"ಅದೂ ಗೊತ್ತು ಕಣೋ. ನಾನೂ ನೋಡಿದ್ದೆ." ಅವಳು ಗಂಟನ್ನು ತಲೆಯ ಮೇಲಿಟ್ಟುಕೊಂಡಳು. "ನನಗೆ ಹೇಳಬಹುದಿತ್ತು. ಊರಿಗೆ ಬೇಡ. ನನಗೊಬ್ಬಳಿಗೆ. ಮೊದಲನೇ ದಿನವೇ ಹೊರಟು ಹೋಗ್ತಿದ್ದೆ, ಆರು ಜನ ಬದುಕಿರೋರು."

ಅವಳು ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ನಡುಹಳ್ಳದಲ್ಲಿ ಒಮ್ಮೆ ಜಾರಿದಳು. ಅವನು "ಅಕ್ಕಾ" ಎಂದು ಕೂಗಿದ. ಅವಳು ತಾನಾಗಿ ಸಾವರಿಸಿಕೊಂಡು, ತಿರುಗದೆ, ದಾಟಿದಳು.

ಆಮೇಲೆ ಊರಲ್ಲಿ ಯಾರೂ ಅಗೆಯಲಿಲ್ಲ. ಗುದ್ದಲಿಯವನು ಗುದ್ದಲಿಯ ಕಾವನ್ನು ತೆಗೆದು ಒಲೆಗೆ ಹಾಕಿದ. ಊರವರು ಅವನನ್ನು ಬೈಯಲಿಲ್ಲ. ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿಯುತ್ತಿದ್ದರು, ಕೈಯಲ್ಲಿ ತುಂಬಿದ ಕೊಡವಿದ್ದವರು ಸರಿಯುವ ಹಾಗೆ. ಅವನು ಬೆಳಿಗ್ಗೆ ಒಬ್ಬನೇ ಮುದ್ದೆ ತಿರುವಿ, ಅರ್ಧ ಮುರಿದು ಪಕ್ಕಕ್ಕಿಟ್ಟು, ಆಮೇಲೆ ಅದನ್ನೂ ತಾನೇ ತಿನ್ನುತ್ತಿದ್ದ.

ನೇಯುವವಳಿಗೆ ಮಗ್ಗ ಹೂಡಲು ಗುಂಡಿಯಿರಲಿಲ್ಲ. ಅವಳು ಗುಂಡಿ ಮುಚ್ಚಿದ ನೆಲದ ಮೇಲೆ ಮಲಗುತ್ತಿದ್ದಳು, ಎಡಗಿವಿಯನ್ನು ಮಣ್ಣಿಗೆ ಒತ್ತಿ. ಮಗಳ ಸದ್ದೇನಾದರೂ ಬಂದೀತೇ ಎಂದು. ದಿನಗಟ್ಟಲೆ ಮಲಗಿದಳು. ಮಗಳ ಸದ್ದು ಬರಲಿಲ್ಲ. ಆದರೆ ಬೇರೆಯವೆಲ್ಲ ಬಂದವು. ಬೇರು ಚಾಚುವುದು, ಇರುವೆಗಳು ಮೊಟ್ಟೆ ಸಾಗಿಸುವುದು, ಕಲ್ಲು ಬಿಸಿಲಿಗೆ ಹಿಗ್ಗಿ ನೆರಳಿಗೆ ಕುಗ್ಗುವುದು. ನೆಲಕ್ಕೆ ಎಷ್ಟು ಬಗೆಯ ಮೌನವಿದೆ ಎಂದು ಅವಳಿಗೆ ತಿಳಿಯಿತು. ಯಾರೂ ಅವಳನ್ನು ಕೇಳಲಿಲ್ಲ, ಯಾರೂ ನೇಮಿಸಲಿಲ್ಲ. ಒಂದು ದಿನ ಅವಳಾಗಿ ಎದ್ದು ಹೊರಬಂದು ಅಂಗಳದಲ್ಲಿ ಹಿಮ್ಮಡಿಯಿಂದ ಏಳು ಸಲ ತಟ್ಟಿದಳು.

ಒಂದು ವರ್ಷ ಅವಳು ಇಳಿಜಾರನ್ನೆಲ್ಲ ನಡೆದಳು. ಹತ್ತು ಹೆಜ್ಜೆಗೊಂದು ಕಡೆ ತಟ್ಟಿದಳು, ಕಿವಿಯಿಟ್ಟಳು, ಎದ್ದಳು. ಮೇಲಿನ ಹೊಲಗಳಲ್ಲಿ ಇಲ್ಲ ಎಂದಳು. ಕಣಗಳ ಬಳಿ ಇಲ್ಲ ಎಂದಳು. ಗಾಣದ ಹಿಂದೆ, ಬಾವಿಗಳ ನಡುವೆ, ಹಳೆಯ ಸಮಾಧಿಗಳ ಸುತ್ತ, ಇಲ್ಲ ಎಂದಳು. ಮೊದಮೊದಲು ಊರವರು ಹಿಂದೆ ಹೋಗಿ ಕೇಳುತ್ತಿದ್ದರು. ಆಮೇಲೆ ಬಾಗಿಲು ಹಾಕಿಕೊಂಡು ಒಳಗೇ ಕೂತರು, ಆ ಮಾತು ಕಿವಿಗೆ ಬೀಳದಿರಲಿ ಎಂದು.

ವರ್ಷ ತುಂಬಿದ ದಿನ ಅವಳು ಗುದ್ದಲಿಯವನ ಬಾಗಿಲಿಗೆ ಬಂದಳು. ಕೆನ್ನೆಯ ಮೇಲೆ ಒದ್ದೆ ಮಣ್ಣಿತ್ತು.

"ಅಣ್ಣಾ, ಬಾ. ನಿನ್ನ ಕಾಲು ಬೇಕು."

ಅವನು ಅವಳ ಹಿಂದೆ ಹಳ್ಳದ ಬದಿಗೆ ನಡೆದ. ಮಗುವಿಗೆಂದು ಅವಳು ಅಂದು ಕೇಳಿದ್ದ ಅದೇ ಜಾಗ. ಅವನು ಬರಿಗಾಲಲ್ಲಿ ನಿಂತ. ಅವಳು ಏಳು ಸಲ ತಟ್ಟಿದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅಂಗಾಲಿಗೆ ಹತ್ತಿತು, ತೆಳ್ಳಗೆ, ನಿಧಾನವಾಗಿ. ಒಂದೇ ಒಂದು ನಡುಕ, ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಿ ನಿಂತಿತು.

"ಇದ್ದಾರೆ," ಎಂದ ಅವನು.

"ಇದ್ದಾರೆ," ಎಂದಳು ಅವಳು. "ಅವತ್ತು ನೀನು ಇಲ್ಲಿ ಅಗೆದಿದ್ದರೆ ನನ್ನ ಮಗಳು ಇಲ್ಲಿರುತ್ತಿದ್ದಳು, ಇವರು ಇರುತ್ತಿರಲಿಲ್ಲ. ನಿನ್ನನ್ನು ಕ್ಷಮಿಸಬೇಕಾ ಬೇಡವಾ ಅಂತ ಒಂದು ವರ್ಷದಿಂದ ನೋಡ್ತಾ ಇದ್ದೀನಿ. ಇನ್ನೂ ಗೊತ್ತಾಗಿಲ್ಲ."

"ಗೊತ್ತಾಗೋದು ಬೇಡಮ್ಮ," ಎಂದ ಅವನು. ಆಚೆ ದಡದ ಕಡೆ ತಿರುಗಿದ. "ಈ ಸುದ್ದಿ ಅಕ್ಕನಿಗೆ ಮುಟ್ಟಿಸಬೇಕು."

"ದಾಟಿದರೆ ತಿರುಗಿ ಬರೋ ಹಾಗಿಲ್ಲ ಅಣ್ಣಾ."

"ಹೌದು."

ಅವನು ಮನೆಗೂ ಹೋಗಲಿಲ್ಲ. ಪಂಚೆ ಮೇಲೆ ಕಟ್ಟಿ ಅಲ್ಲಿಂದಲೇ ನೀರಿಗಿಳಿದ.

ಆಚೆ ದಡದಲ್ಲಿ ಸೊಪ್ಪು ಹೊದಿಸಿದ ಒಂದು ಗುಡಿಸಲಿತ್ತು. ಅಕ್ಕ ಅದರ ಮುಂದೆ ಕೂತು ಗೆಡ್ಡೆ ಹೆರೆಯುತ್ತಿದ್ದಳು. ಬಹಳ ಬಡವಾಗಿದ್ದಳು. ಕಾಲ ಸಪ್ಪಳ ಅವಳಿಗೆ ತಿಳಿಯಲಿಲ್ಲ. ನೆರಳು ಮಡಿಲಿಗೆ ಬಿದ್ದಾಗ ತಲೆಯೆತ್ತಿದಳು. ಮೊದಲು ಅವಳ ಮುಖದಲ್ಲಿ ಸಿಟ್ಟು ಬಂತು.

"ಯಾಕೋ ಬಂದೆ? ಇನ್ನು ಹೇಗೋ ಹೋಗ್ತೀಯ?"

ಅವನು ಎದುರು ಕೂತು, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದ. "ಅಕ್ಕ. ಇದ್ದಾರೆ. ಹಳ್ಳದ ಬದಿ. ನೇಯುವವಳು ಕೇಳಿದಳು. ನಾನೂ ನಿಂತು ನೋಡಿದೆ."

ಅವಳ ಕೈಯಿಂದ ಗೆಡ್ಡೆ ಜಾರಿತು. ಮುಖದ ಸಿಟ್ಟೆಲ್ಲ ಇಳಿಯಿತು. ಹನ್ನೊಂದು ವರ್ಷದ ಹುಡುಗಿಯ ಮುಖದಂತೆ ಕಂಡಿತು ಅವನಿಗೆ.

"ಎಷ್ಟು ಜನ?" ಎಂದಳು.

ಅವನು ತಡೆದ. ತುಂಬ ಇದ್ದಾರೆ ಎನ್ನಬಹುದಿತ್ತು. ಅವಳಿಗೆ ಕಿವಿಯಿಲ್ಲ, ಅವಳು ಹಳ್ಳ ದಾಟುವಂತಿಲ್ಲ, ಅಲ್ಲ ಎಂದು ಹೇಳುವವರು ಯಾರೂ ಅವಳ ಬಳಿಗೆ ಬರುವುದಿಲ್ಲ. ತುಂಬ ಎಂದು ತುಟಿ ಅಲುಗಿಸಿದ್ದರೆ ಅವಳು ಅದನ್ನು ನಂಬಿ, ಆ ನಂಬಿಕೆಯಲ್ಲೇ ಉಳಿದ ದಿನಗಳನ್ನು ಕಳೆಯುತ್ತಿದ್ದಳು.

ಅವನು ಒಂದು ಬೆರಳು ಎತ್ತಿದ.

ಅಕ್ಕ ಆ ಬೆರಳನ್ನು ನೋಡಿದಳು. ಕೆಳಗಿನವರಲ್ಲಿ ಒಬ್ಬರೇ ಉಳಿದರೆ ಮೊಟ್ಟೆಯಾಗುವುದಿಲ್ಲ, ಅದಕ್ಕೆ ಇಬ್ಬರು ಬೇಕು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಆ ಬೆರಳನ್ನು ತನ್ನ ಕೈಯಿಂದ ಮಡಿಸಿ, ಮುಷ್ಟಿಯನ್ನು ತನ್ನ ಎರಡು ಅಂಗೈಯ ನಡುವೆ ಹಿಡಿದುಕೊಂಡಳು.

"ನಿಜ ಹೇಳಿದೆ," ಎಂದಳು. ಅವನು ಮುಷ್ಟಿಯನ್ನು ಬಿಡಿಸಿಕೊಳ್ಳದೆ ಹಾಗೇ ಕೂತ.